ಆರು ವಾರದ ದ್ರಾಕ್ಷಿ ತೋಟ

ದೊಡ್ಡ ಹೊದಿಕೆಗಳನ್ನು ಒಬ್ಬರೇ ಹಿಂಡಲು ಆಗುವುದಿಲ್ಲ. ಹಾಗಾಗಿ ರಜೆಯ ದಿನ ಬೆಳಗ್ಗೆ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತುದಿ ನಮ್ಮವರ ಕೈಯಲ್ಲಿ. ನಾನು ಒಂದು ಕಡೆಗೆ ತಿರುಚಿದರೆ ಅವರು ಅದಕ್ಕೆ ಎದುರು ತಿರುಚಬೇಕು. ಮದುವೆಯಾಗಿ ಹನ್ನೆರಡು ವರ್ಷವಾದರೂ ಅವರು ನಾನು ತಿರುಚಿದ ಕಡೆಗೇ ತಿರುಚುತ್ತಾರೆ. ಅಂದೂ ಹಾಗೇ ಆಯಿತು. ಬೈಯಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಅವರು ತಮ್ಮ ತುದಿಯನ್ನು ಬಿಟ್ಟೇಬಿಟ್ಟರು. ಒದ್ದೆ ಹೊದಿಕೆ ದೊಪ್ಪನೆ ಅಂಗಳಕ್ಕೆ ಬಿತ್ತು. ಬೆಳಗಿನಿಂದ ಒಗೆದದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

"ಹೌದಾ? ಮೂರು ದಿನಾನಾ? ತೋಟದ ಕಡೆ ಕಿಟಕಿ ಇರೋ ರೂಮೇ ತಾನೇ?" ಎಂದು ಫೋನಿನಲ್ಲಿ ಕೂಗಿದವರು ನನ್ನ ಕಡೆ ತಿರುಗಿದರು, ಕುಣಿಯುವುದೊಂದು ಬಾಕಿ. "ಸಿಕ್ತು ಕಣೇ! ದ್ರಾಕ್ಷಿ ತೋಟದ ರೆಸಾರ್ಟು! ಮುಂದಿನ ವಾರ!"

"ಸಿಕ್ಕಿದ್ದು ಸರಿ. ಈಗ ಆ ಹೊದಿಕೆ ಎತ್ತಿ."

ನಮ್ಮ ಮಗಳು ಹಾಲಿನ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಒಂಬತ್ತು ವರ್ಷ. ಸಿಕ್ಕಿದ್ದನ್ನೆಲ್ಲ ಕೂಡಿಟ್ಟುಕೊಳ್ಳುವ ಸ್ವಭಾವ ನೋಡಿ ಅವಳಪ್ಪ ಅಳಿಲು ಎಂದು ಕರೆಯುತ್ತಾರೆ, ಈಗ ಬೀದಿಯವರೆಲ್ಲ ಹಾಗೇ ಕರೆಯುತ್ತಾರೆ. ಮೂಗಿನ ಕೆಳಗೆ ಹಾಲಿನ ಮೀಸೆ ಬಿಟ್ಟುಕೊಂಡು ಅವಳು ಕೇಳಿದಳು:

"ನನ್ನನ್ನ ಅತ್ತೆ ಮನೆಗೆ ಯಾವತ್ತು ಬಿಡ್ತೀರಾ?"

"ಅತ್ತೆ ಮನೆ ಯಾಕೆ ಅಳಿಲೂ? ನೀನೂ ಬರ್ತೀಯ! ನಿನಗೆ ಅಂತಾನೇ ಕಿಟಕಿ ಪಕ್ಕ ಹಾಸಿಗೆ ಹೇಳಿದ್ದೀನಿ," ಎಂದರು ಅವಳಪ್ಪ.

"ಹೂಂ," ಎಂದಳು. ಯಾರಾದರೂ ದೊಡ್ಡವರು ತಮಾಷೆ ಮಾಡಿದಾಗ ಮರ್ಯಾದೆಗೆ ನಗುತ್ತಾಳಲ್ಲ, ಹಾಗಿತ್ತು ಆ ಹೂಂ. ಲೋಟ ತೊಳೆದಿಟ್ಟು ಒಳಗೆ ಹೋದಳು.

ನಾವು ಮತ್ತೆ ಹೊದಿಕೆ ತೊಳೆದು ಹಿಂಡಿದೆವು.

ಹೋದ ವರ್ಷ ನನ್ನ ಹೊಟ್ಟೆಯಲ್ಲಿ ಒಂದು ಗಡ್ಡೆ ಬೆಳೆದಿತ್ತು. ತೆಗೆದರು. ತೆಗೆದ ಮೇಲೆ ಗಾಯ ಕೆಟ್ಟಿತು. ಒಂದು ವಾರವೆಂದು ಹೋದವಳು ಆರು ವಾರ ಆಸ್ಪತ್ರೆಯಲ್ಲಿ ಉಳಿದೆ. ನಾನಿದ್ದ ವಾರ್ಡಿಗೆ ಮಕ್ಕಳನ್ನು ಬಿಡುತ್ತಿರಲಿಲ್ಲ. ನಮ್ಮವರದು ಫೋಟೊ ಸ್ಟುಡಿಯೊ. ಆ ಹೊತ್ತಿಗೆ ಇದೇ ರೆಸಾರ್ಟಿನವರ ಜಾಹೀರಾತು ಹಾಳೆಯ ಕೆಲಸ ಅವರ ಮೇಜಿನ ಮೇಲಿತ್ತು. ಒಂದು ಮಧ್ಯಾಹ್ನ ಕಂಪ್ಯೂಟರಿನಲ್ಲಿ, ನನ್ನ ಹಳೆಯ ಫೋಟೊದಿಂದ ನನ್ನನ್ನು ಕತ್ತರಿಸಿ, ಆ ದ್ರಾಕ್ಷಿ ತೋಟದ ಇಳಿಜಾರಿನಲ್ಲಿ ತಂದು ನಿಲ್ಲಿಸಿದರು. ನೀಲಿ ಸೀರೆ, ಕೈಯಲ್ಲಿ ಒಂದು ಗೊಂಚಲು, ಮುಖದಲ್ಲಿ ಯಾವುದೋ ಮದುವೆ ಮನೆಯ ನಗು. "ಅಮ್ಮ ಸುಸ್ತಾಗಿದ್ಳು, ಆರಾಮ ಮಾಡ್ಕೊಳ್ಳೋಕೆ ಇಲ್ಲಿಗೆ ಹೋಗಿದ್ದಾಳೆ," ಎಂದು ಮಗಳಿಗೆ ಹೇಳಿ, ಫೋಟೊ ಕೈಗಿಟ್ಟು ತಮ್ಮ ಅಕ್ಕನ ಮನೆಗೆ ಬಿಟ್ಟರು. ನನ್ನನ್ನು ಕೇಳಿಯೇ ಮಾಡಿದ್ದು. ಮೂಗಿಗೆ ಕೊಳವೆ ಇತ್ತು, ತಲೆಯಾಡಿಸಿದ್ದೆ.

ಮನೆಗೆ ಬಂದ ದಿನ ಅಳಿಲು ಸೂಜಿ ಚುಚ್ಚಿದ ಕಲೆಗಳಿದ್ದ ನನ್ನ ಕೈಯನ್ನು ತಿರುವಿ ಮುರುವಿ ನೋಡಿದಳು. "ದ್ರಾಕ್ಷಿ ಸಿಹಿ ಇತ್ತಾ ಅಮ್ಮಾ?" ಎಂದಳು. "ತುಂಬಾ ಸಿಹಿ ಇತ್ತು ಕಂದಾ," ಎಂದೆ. ಅವಳಪ್ಪ ಹೇಳಿದ್ದು ಅವರ ಸುಳ್ಳು. ಇದು ನನ್ನದು. ಆಮೇಲೆ ಅವಳು ಆ ವಿಷಯ ಎತ್ತಲೇ ಇಲ್ಲ.

ಹೋದ ತಿಂಗಳು ಡಾಕ್ಟರು, ಇನ್ನು ವರ್ಷಕ್ಕೊಮ್ಮೆ ಬಂದರೆ ಸಾಕು ಎಂದರು. ವಾಪಸ್ ಬರುವ ದಾರಿಯಲ್ಲೇ ನಮ್ಮವರಿಗೆ ಈ ಯೋಚನೆ ಹುಟ್ಟಿತು. "ನಿಜವಾಗ್ಲೂ ಹೋಗಿಬಿಡೋಣ. ಅದೇ ಇಳಿಜಾರು, ಅದೇ ಸೀರೆ. ಒಂದು ಒಳ್ಳೆ ಫೋಟೊ ತೆಗೆದು ಅದರ ಜಾಗಕ್ಕೆ ಇದನ್ನ ಇಟ್ಟುಬಿಟ್ರೆ ಆಯ್ತು." ಅವರ ಕೆಲಸವೇ ಹಾಗೆ. ಮದುಮಗನ ಕಣ್ಣು ಮುಚ್ಚಿದ್ದರೆ ಬೇರೆ ಫೋಟೊದಿಂದ ಕಣ್ಣು ತಂದು ತೆರೆಸುತ್ತಾರೆ. ಯಾವ ತಪ್ಪನ್ನಾದರೂ ಆಮೇಲೆ ತಿದ್ದಬಹುದೆಂದು ನಂಬಿದವರು. ಆ ನಂಬಿಕೆಗೇ ನಾನು ಅವರನ್ನು ಮೆಚ್ಚಿದ್ದು, ಆ ನಂಬಿಕೆಗೇ ದಿನಕ್ಕೆ ಎರಡು ಸಲ ಬೈಯುವುದು.

ತಯಾರಿ ಜೋರಾಗಿ ನಡೆಯಿತು. ವೈನ್ ಹೇಗೆ ರುಚಿ ನೋಡಬೇಕೆಂದು ಎಲ್ಲೋ ಓದಿಕೊಂಡು ಬಂದು, ಊಟದ ಮೇಜಿನಲ್ಲಿ ಗಾಜಿನ ಲೋಟಕ್ಕೆ ಕಪ್ಪು ಚಹಾ ಹಾಕಿ ಅಭ್ಯಾಸ ಶುರುಮಾಡಿದರು. ಅವತ್ತು ಅವರ ಅಕ್ಕನೂ ಬಂದಿದ್ದರು. ಅವರು ಕಾರು ಓಡಿಸುವುದನ್ನು ಕಲಿಸುವವರು. ಎದುರಿಗಿರುವವರೆಲ್ಲ ಬ್ರೇಕ್ ಮರೆತವರೇ ಎಂಬಂತೆ ಮಾತಾಡುತ್ತಾರೆ.

"ಮೊದಲು ಹೀಗೆ ತಿರುಗಿಸ್ಬೇಕಂತೆ," ಎಂದು ನಮ್ಮವರು ಲೋಟ ತಿರುಗಿಸಿದರು. ಅರ್ಧ ಚಹಾ ಅಂಗಿಯ ಮೇಲೆ. "ಆಮೇಲೆ ಮೂಸಬೇಕು. ಆಮೇಲೆ ಬಾಯಲ್ಲಿ ಹಾಕಿ ಮುಕ್ಕಳಿಸಬೇಕು."

"ಕುಡಿಯೋದು ಯಾವಾಗ?" ಎಂದೆ.

"ಕುಡಿಯಲ್ಲ. ಉಗೀತಾರೆ."

"ಉಗಿಸ್ಕೊಳ್ಳೋಕೆ ಅಷ್ಟು ದೂರ ಯಾಕೋ ಹೋಗ್ತೀಯ? ನಾನಿಲ್ವಾ ಇಲ್ಲಿ?" ಎಂದರು ಅತ್ತಿಗೆ.

ಅಳಿಲು ಬಿದ್ದು ಬಿದ್ದು ನಕ್ಕಳು. ಅದು ನಿಜವಾದ ನಗು. ನನಗೆ ಸ್ವಲ್ಪ ಧೈರ್ಯ ಬಂತು.

ಆಗಲೇ ರೆಸಾರ್ಟಿನ ಮ್ಯಾನೇಜರ್ ಫೋನ್ ಮಾಡಿದರು, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ತಿಳಿಯಲು. ನಮ್ಮವರು ಫೋನನ್ನು ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟು, "ನೀನೂ ಏನಾದ್ರೂ ಕೇಳು ಅಳಿಲೂ," ಎಂದರು.

ಅವಳು ಗಂಟಲು ಸರಿಮಾಡಿಕೊಂಡಳು. "ಆಂಟೀ, ನಿಮ್ಮಲ್ಲಿ ಡಾಕ್ಟರ್ ಇದ್ದಾರಾ?"

"ಇಲ್ಲ ಪುಟ್ಟಾ. ಬೇಕಿದ್ರೆ ಪೇಟೆಯಿಂದ ಕರೆಸ್ತೀವಿ. ಯಾಕೆ, ಯಾರಿಗಾದ್ರೂ ಹುಷಾರಿಲ್ವಾ?"

"ಎಲ್ರೂ ಹುಷಾರಾಗಿದ್ದಾರೆ. ಮಕ್ಕಳನ್ನ ಒಳಗೆ ಬಿಡ್ತೀರಾ?"

"ಅಯ್ಯೋ, ಮಕ್ಕಳಿಗೆ ಅಂತಾನೇ ಬೇರೆ ದ್ರಾಕ್ಷಿ ರಸ ಮಾಡ್ತೀವಿ!"

"ಜನ ಎಷ್ಟು ದಿನ ಇರ್ತಾರೆ? ಆರು ವಾರ ಇರ್ತಾರಾ?"

ಆಕೆ ಗಟ್ಟಿಯಾಗಿ ನಕ್ಕರು. "ಆರು ವಾರಾನಾ! ನಾಲ್ಕನೇ ದಿನಕ್ಕೇ ಎಲ್ರೂ ಮನೆ ಕಡೆ ಮುಖ ಮಾಡ್ತಾರೆ."

"ಥ್ಯಾಂಕ್ಸ್ ಆಂಟಿ," ಎಂದು ಅಳಿಲು ಕೈ ತೊಳೆಯಲು ಹೋದಳು. ಆಗಲೇ ತೊಳೆದಿದ್ದ ಕೈ.

ನಮ್ಮವರು ಚಹಾ ಕಲೆಯನ್ನು ಉಜ್ಜುತ್ತ ಕುಳಿತರು. ಅತ್ತಿಗೆ ತಮ್ಮ ಧ್ವನಿಗೆ ಆದಷ್ಟು ಮೆತ್ತಗೆ ಹೇಳಿದರು: "ಮಗು ನಿಮ್ಮಿಬ್ರನ್ನ ಚೆನ್ನಾಗಿ ಅಳೀತಾ ಇದೆ. ಹೇಳಿಬಿಡ್ರೋ. ನೀರಿಗಿಳಿದ ಮೇಲೆ ಚಳಿ ಏನು?"

"ಅಲ್ಲಿಗೆ ಹೋದ್ಮೇಲೆ ಎಲ್ಲಾ ತಾನಾಗೇ ಸರಿಹೋಗುತ್ತೆ ಅಕ್ಕಾ."

"ಹೂಂ. ಗುಂಡಿ ಬಂದ್ಮೇಲೆ ಬ್ರೇಕ್ ಹಾಕೋರು ಹೀಗೇ ಹೇಳೋದು."

ಮರುದಿನ ನಾನೇ ಹೇಳಲು ನೋಡಿದೆ. ಜಡೆ ಹಾಕುವಾಗ ಅವಳ ಮುಖ ನನಗೆ ಕಾಣುವುದಿಲ್ಲ, ನನ್ನದು ಅವಳಿಗೆ ಕಾಣುವುದಿಲ್ಲ. ಕಷ್ಟದ ಮಾತಿಗೆ ಅದು ಒಳ್ಳೆಯ ಹೊತ್ತು. "ಹೋದ ವರ್ಷ ನಾನು ಇರಲಿಲ್ವಲ್ಲ ಅಳಿಲೂ…" ಎಂದೆ.

"ಜಡೆ ಬಿಗಿ ಆಯ್ತು ಅಮ್ಮಾ!"

ನಾನಿನ್ನೂ ಕೂದಲನ್ನು ಮೂರು ಭಾಗ ಮಾಡುತ್ತಿದ್ದೆ. ಜಡೆ ಶುರುವೇ ಆಗಿರಲಿಲ್ಲ. ಅವಳ ಕತ್ತಿನ ಹಿಂಭಾಗ ಕೆಂಪಗಾಗಿತ್ತು. "ಸಡಿಲ ಮಾಡ್ತೀನಿ," ಎಂದು ಸುಮ್ಮನಾದೆ. ಅವಳು ಕೇಳಲು ಸಿದ್ಧಳಾಗುವ ಮೊದಲೇ ಸುರಿದುಬಿಟ್ಟರೆ ಅದು ನನ್ನ ಹೊರೆ ಇಳಿಸಿಕೊಂಡಂತೆ, ಅಷ್ಟೇ.

ಅದೇ ದಿನ ಗುಡಿಸುವಾಗ ಅವಳ ಮಂಚದ ಕೆಳಗೆ ಒಂದು ಚೀಲ ಸಿಕ್ಕಿತು. ರೆಸಾರ್ಟಿಗೆ ಒಯ್ಯುವ ಚೀಲವನ್ನು ನಾನೇ ತುಂಬಿ ಬೀರುವಿನ ಮೇಲಿಟ್ಟಿದ್ದೆ. ಇದು ಬೇರೆ. ಒಳಗೆ ಶಾಲೆಯ ಪುಸ್ತಕ, ಆರು ಜೊತೆ ಒಳಉಡುಪು, ಹಲ್ಲುಜ್ಜುವ ಬ್ರಷ್ಷು, ನನ್ನ ಹಳೆಯ ಶಾಲು. ಅತ್ತೆ ಮನೆಗೆ ಹೋಗಲು ಯಾರಿಗೂ ತೊಂದರೆ ಕೊಡದೆ ತಾನೇ ಸಿದ್ಧವಾಗಿದ್ದಳು. ಶಾಲನ್ನು ಮಡಿಸಿದ್ದ ರೀತಿ ನೋಡಿ ನಾನು ಪೊರಕೆ ಹಿಡಿದುಕೊಂಡು ಮಂಚದ ಮೇಲೆ ಕುಳಿತುಬಿಟ್ಟೆ. ಆಮೇಲೆ ಚೀಲವನ್ನು ಇದ್ದಲ್ಲೇ ಇಟ್ಟೆ.

ಮಧ್ಯಾಹ್ನದ ಹೊತ್ತು ನಾನು ಸ್ಟುಡಿಯೊದಲ್ಲಿ ಗಿರಾಕಿಗಳನ್ನು ನೋಡಿಕೊಳ್ಳುತ್ತೇನೆ. ಶಾಲೆ ಬಿಟ್ಟ ಮೇಲೆ ಅಳಿಲು ಅಲ್ಲಿಗೇ ಬಂದು ಅಪ್ಪನ ಪಕ್ಕದ ಎತ್ತರದ ಸ್ಟೂಲಿನಲ್ಲಿ ಕೂರುತ್ತಾಳೆ. ಅಂದು ಒಬ್ಬ ಹೆಂಗಸು ಮನೆಯವರೆಲ್ಲ ಇರುವ ಫೋಟೊ ತಂದಿದ್ದರು. ಅವತ್ತು ಬರಲಾಗದ ಅವರ ತಮ್ಮನನ್ನು ಅದರಲ್ಲಿ ಸೇರಿಸಬೇಕಿತ್ತು. ನಮ್ಮವರು ಬೇರೊಂದು ಫೋಟೊದಿಂದ ಆ ತಮ್ಮನನ್ನು ಕತ್ತರಿಸಿ ತಂದು ಒಂದೇ ಗಳಿಗೆಯಲ್ಲಿ ಅಕ್ಕನ ಪಕ್ಕ ನಿಲ್ಲಿಸಿದರು.

"ಎಷ್ಟು ಸುಲಭ!" ಎಂದರು ಆಕೆ.

"ನಿಲ್ಲಿಸೋದು ಸುಲಭ," ಎಂದು ನಮ್ಮವರು ಮೇಷ್ಟ್ರ ಗತ್ತಿನಲ್ಲಿ ಹೇಳಿದರು. "ಮೊದಲು ನೆರಳು ನೋಡ್ಬೇಕು. ನಿಮ್ಮೆಲ್ಲರ ನೆರಳು ಎಡಕ್ಕೆ ಬಿದ್ದಿದೆ, ಇವರದ್ದು ಬಲಕ್ಕೆ. ನೆರಳು ತಪ್ಪಿದ್ರೆ ಚಿಕ್ಕ ಮಗೂನೂ ಹಿಡಿದುಬಿಡುತ್ತೆ."

"ಅಮ್ಮನ ಫೋಟೊದಲ್ಲೂ ತಪ್ಪಿದೆ," ಎಂದಳು ಅಳಿಲು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಮ್ಮವರು ಮುಟ್ಟಿಕೊಂಡದ್ದು ಕನ್ನಡಕವನ್ನು. "ಯಾ… ಯಾವ ಫೋಟೊ?"

ಅವಳು ಅಪ್ಪನ ಮುಖ ನೋಡಿದಳು, ನನ್ನ ಮುಖ ನೋಡಿದಳು. ನಾವಿಬ್ಬರೂ ಎಷ್ಟು ಹೆದರಿದ್ದೆವೆಂದು ಅವಳಿಗೆ ಕಂಡಿರಬೇಕು. "ಯಾವುದೂ ಇಲ್ಲ ಅಪ್ಪಾ," ಎಂದು ಸ್ಟೂಲಿನಿಂದ ಇಳಿದು, ಬೀದಿ ನೋಡುತ್ತ ಬಾಗಿಲಲ್ಲಿ ನಿಂತಳು. ನಮ್ಮನ್ನು ಕಾಪಾಡಿದಳು, ಒಂಬತ್ತು ವರ್ಷದವಳು.

ಗಿರಾಕಿ ಹೋದ ಮೇಲೆ ನಮ್ಮವರು ಪಿಸುಗುಟ್ಟಿದರು. "ಎಂಥಾ ಕಣ್ಣು ನೋಡು! ಬೆಳಗಿನ ಬಿಸಿಲಿನ ತೋಟ ಅದು. ನಿನ್ನ ಫೋಟೊ ಸಂಜೇದು. ನನಗೆ ಹೊಳೀಲೇ ಇಲ್ವಲ್ಲ. ಈಗಲೇ ಸರಿಮಾಡಿ ಬೇರೆ ಪ್ರಿಂಟ್ ಹಾಕಿ…"

"ರೀ."

"ಹಾಂ?"

"ಅವಳಿಗೆ ಆಗಲೇ ಗೊತ್ತಾಗಿದೆ. ಇನ್ನೊಂದು ಪ್ರಿಂಟ್ ಅಂದ್ರೆ ಇನ್ನೊಂದು ಸುಳ್ಳು. ನೀವು ಅದನ್ನ ಮುಟ್ಟಬೇಡಿ. ಅವಳು ಕೇಳ್ತಾಳೆ. ಕೇಳಿದಾಗ ನೀವು ತಮಾಷೆ ಮಾಡ್ಕೂಡದು."

ಅವರು ಮೌಸಿನಿಂದ ಕೈ ತೆಗೆದರು. "ಕೇಳದೇ ಹೋದ್ರೆ?"

"ಹೊರಡೋಕೆ ಇನ್ನೂ ಎರಡು ದಿನ ಇದೆ."

ಆ ಎರಡು ದಿನ ಉದ್ದವಾಗಿದ್ದವು. ನಾನು ಅವಳ ಸುತ್ತಲೇ ಕೆಲಸ ಹುಡುಕಿಕೊಂಡೆ. ಅವಳು ಚಿತ್ರ ಬರೆಯುತ್ತಿದ್ದರೆ ಪಕ್ಕದಲ್ಲಿ ಕೂತು ಗುಂಡಿ ಹೊಲಿದೆ. ಅವಳು ಕಿಟಕಿಯಲ್ಲಿ ನಿಂತರೆ ಕಿಟಕಿಯ ಗಾಜನ್ನೇ ಒರೆಸಿದೆ. ಆ ಗಾಜು ಹುಟ್ಟಿದಾಗಿನಿಂದ ಅಷ್ಟು ಸ್ವಚ್ಛವಾಗಿರಲಿಲ್ಲ. ಅವಳು ಏನೂ ಕೇಳಲಿಲ್ಲ. ಅಲ್ಲಿ ಚಳಿಯಿದೆಯಾ, ಹಲ್ಲಿ ಇರುತ್ತಾ, ನಾಯಿ ಸಾಕಿದ್ದಾರಾ ಎಂದೆಲ್ಲ ಕೇಳಿದಳು. ಅದೊಂದನ್ನು ಬಿಟ್ಟು.

ಹೊರಡುವ ಹಿಂದಿನ ಸಂಜೆ ರೆಸಾರ್ಟಿನವರು ಒಂದು ಫಾರಂ ಕಳಿಸಿದರು. ನಮ್ಮವರು ಅದನ್ನು ಪ್ರಿಂಟ್ ಮಾಡಿ ತಂದು ಅಳಿಲಿನ ಕೈಗೆ ಕೊಟ್ಟು, ಕಾರಿನ ಗಾಳಿ ನೋಡಲು ಅಂಗಳಕ್ಕೆ ಹೋದರು. ನಾನು ಅಡುಗೆಮನೆಯ ಮೇಜಿನಲ್ಲಿ ಬಟಾಣಿ ಬಿಡಿಸುತ್ತಿದ್ದೆ. ಅವಳು ಎದುರು ಕೂತು ಪೆನ್ಸಿಲ್ ಚೂಪು ಮಾಡಿಕೊಂಡಳು.

"ಒಟ್ಟು ಎಷ್ಟು ಜನ? ಮೂರು. ಮಕ್ಕಳು? ಒಂದು. ಊಟದಲ್ಲಿ ಆಗದ್ದು ಏನಾದರೂ ಇದೆಯೇ?"

"ನಿನಗೆ ಬದನೆಕಾಯಿ ಆಗಲ್ಲ ಅಂತ ಬರಿ."

"ಅದು ಆಗದೇ ಇರೋದಲ್ಲ, ಇಷ್ಟ ಇಲ್ಲದೇ ಇರೋದು."

"ಆದ್ರೂ ಬರಿ. ಮೂರು ದಿನ ಹೊರಗೆ ಹೋಗೋದು ಯಾತಕ್ಕೆ?"

ನಕ್ಕು ಬರೆದಳು. "ನಿದ್ದೆಗೆ ಸಂಬಂಧಿಸಿದ ಬೇಡಿಕೆ? ಅಪ್ಪನಿಗೆ ಬೇರೆ ರೂಮು. ಗೊರಕೆ."

"ಹಾಗೆಲ್ಲ ಬರೀಬೇಡ್ವೇ!"

"ಬರೆದಾಯ್ತು." ಹಾಳೆ ತಿರುಗಿಸಿದಳು. "ಈ ಹಿಂದೆ ನಮ್ಮಲ್ಲಿ…" ಅಲ್ಲಿ ಅವಳ ಧ್ವನಿ ಸಣ್ಣದಾಯಿತು. "…ನಮ್ಮಲ್ಲಿ ತಂಗಿದ್ದೀರಾ? ಪ್ರತಿಯೊಬ್ಬರೂ ಹೌದು ಅಥವಾ ಇಲ್ಲ ಎಂದು ಗುರುತು ಹಾಕಿ."

ನಾನು ಬಟಾಣಿ ಬಿಡಿಸುತ್ತಲೇ ಓರೆಗಣ್ಣಿನಲ್ಲಿ ನೋಡಿದೆ.

"ಅಪ್ಪ, ಇಲ್ಲ," ಎಂದು ಗುರುತು ಹಾಕಿದಳು. "ನಾನು, ಇಲ್ಲ." ಪೆನ್ಸಿಲ್ ಮೂರನೆಯ ಸಾಲಿಗೆ ಬಂದು ನಿಂತಿತು. ಎರಡು ಪುಟ್ಟ ಚೌಕಗಳ ನಡುವೆ ಅದರ ತುದಿ ಅಲ್ಲಾಡುತ್ತಿತ್ತು. ಅವಳು ನನಗೋಸ್ಕರ ಹೌದು ಎಂಬ ಕಡೆಗೆ ಸರಿಯುತ್ತಿದ್ದಳು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ನಮ್ಮ ಸುಳ್ಳನ್ನು ಮಗು ತನ್ನ ಕೈಯಾರೆ ಬರೆದುಬಿಡುತ್ತಿತ್ತು.

"ನನ್ನದೂ ಇಲ್ಲ ಕಂದಾ," ಎಂದೆ. "ಇಲ್ಲ ಅಂತಾನೇ ಹಾಕು. ನಾನು ಅಲ್ಲಿಗೆ ಯಾವತ್ತೂ ಹೋಗಿಲ್ಲ."

ನಮ್ಮವರು ಕೈಯೊರೆಸಿಕೊಳ್ಳುತ್ತ ಒಳಗೆ ಬಂದರು. ಏನೋ ಹೇಳಲು ಬಾಯಿ ತೆರೆದವರು ನಮ್ಮಿಬ್ಬರನ್ನು ನೋಡಿ ಬಾಗಿಲಲ್ಲೇ ನಿಂತರು. ಬಾಯಿ ಮುಚ್ಚಿಕೊಂಡರು. ಆಮೇಲೆ ಮೆಲ್ಲಗೆ ಬಂದು ಕುರ್ಚಿ ಎಳೆದು ಮಗಳ ಪಕ್ಕ ಕುಳಿತರು.

ಅಳಿಲು ಗುರುತು ಹಾಕಲಿಲ್ಲ. ಪೆನ್ಸಿಲನ್ನು ಹಾಳೆಯ ಪಕ್ಕಕ್ಕೆ ನೇರವಾಗಿ ಇಟ್ಟಳು. ಅವಳ ಕಣ್ಣು ನನ್ನ ಮೇಲೆಯೇ ನೆಟ್ಟಿತ್ತು. ಬಟಾಣಿಯ ತಟ್ಟೆಯನ್ನು ಆಚೆ ಸರಿಸಿ ನಾನು ಕಾದೆ.

"ಹಾಗಾದ್ರೆ ಅಮ್ಮಾ," ಎಂದಳು, "ಆವಾಗ ನೀನು ನಿಜವಾಗ್ಲೂ ಎಲ್ಲಿದ್ದೆ?"