ಟೈಲರಮ್ಮನ ಒಳಮನೆ

ಎಂಥ ಕಾವೇರಿದ ಚರ್ಚೆಯ ನಡುವೆಯೂ ಟೈಲರಮ್ಮ ತಮ್ಮ ಮಾತನ್ನು ತಾವೇ ಅರ್ಧಕ್ಕೆ ಕತ್ತರಿಸಿ, ಒಲೆಯ ಮೇಲೆ ಹಾಲಿಟ್ಟು ಮರೆತು ಬಂದವರಂತೆ ಎದ್ದು ಹೊರಟುಬಿಡುತ್ತಿದ್ದರು. ನಗರಸಭೆಯ ಆರೋಗ್ಯ ಸಮಿತಿಗೆ ಅವರೇ ಅಧ್ಯಕ್ಷೆ. ಅಧ್ಯಕ್ಷೆಯೇ ಎದ್ದ ಮೇಲೆ ಸಭೆಗೇನು ಉಳಿಯಿತು? ಸದಸ್ಯರು ಚಹಾ ಲೋಟ ಬದಿಗೆ ಸರಿಸುವಷ್ಟರಲ್ಲಿ, ಕೊರಳಲ್ಲಿ ಅಳತೆಪಟ್ಟಿ ನೇತಾಡಿಸಿಕೊಂಡ ಆ ಕುಳ್ಳು ದೇಹ, ಎಡಗಾಲನ್ನು ಕೊಂಚ ಎಳೆಯುತ್ತ, ನಡಿಗೆಗೂ ಓಟಕ್ಕೂ ನಡುವಿನ ಗತಿಯಲ್ಲಿ ಬೀದಿಯ ತಿರುವು ದಾಟಿರುತ್ತಿತ್ತು.

ಕಣ್ಣಳತೆಯಲ್ಲಿ ಅವರಿಗೆ ಸರಿಸಾಟಿಯಿರಲಿಲ್ಲ. ಪತ್ರಿಕೆಯವನೆಂಬ ನೆಪದಲ್ಲಿ ಸಮಿತಿಯ ಮೂಲೆ ಕುರ್ಚಿ ಹಿಡಿದಿದ್ದ ನನ್ನನ್ನು ಕಂಡಾಗಲೆಲ್ಲ, "ಹೊಟ್ಟೆ ಮತ್ತೆ ಮುಂದೆ ಬಂತಲ್ಲಪ್ಪ, ಅಂಗಿ ಸಡಿಲ ಮಾಡಿಸೋ ಬದಲು ಸ್ವಲ್ಪ ನಡಿ" ಎನ್ನುತ್ತಿದ್ದರು. ಊರಿನ ಮೋರಿ, ಕುಡಿಯುವ ನೀರು, ಜ್ವರದ ಲಸಿಕೆಗಳ ವಿಷಯದಲ್ಲಿ ಅವರ ಹಟಕ್ಕೆ ಅಧಿಕಾರಿಗಳೂ ಬೆವರುತ್ತಿದ್ದರು. ಆದರೆ ಅವರ ಮನೆಯಲ್ಲಿ ಯಾರಿಗಾದರೂ ಪ್ರವೇಶವಿದ್ದದ್ದು ಬೀದಿಗೆ ತೆರೆದ ಹೊಲಿಗೆಯ ಕೋಣೆಗೆ ಮಾತ್ರ. ಒಳಮನೆಗೆ ಸದಾ ಬೀಗ. ತಾಯಿ ತೀರಿಕೊಂಡ ಮೇಲೆ ಒಂಟಿಯಾದ ಹೆಂಗಸು, ಹುಷಾರಾಗಿರುತ್ತಾರೆ ಎಂದುಕೊಂಡಿದ್ದೆವು. ಒಮ್ಮೆ ನಾನು ಕೋಟಿನ ತೋಳು ಸರಿಮಾಡಿಸಲು ನಿಂತಿದ್ದಾಗ ಒಳಗೆ ಏನೋ ಬಿದ್ದ ಸದ್ದಾಯಿತು. "ಬೆಕ್ಕು" ಎಂದರು, ತಲೆಯೆತ್ತದೆ, ಮೆಷಿನ್ನನ್ನು ಇನ್ನಷ್ಟು ಜೋರಾಗಿ ತುಳಿಯುತ್ತ.

ಮುಂದಿನ ವರ್ಷ ಯಾವ ಕೆಲಸಕ್ಕೆ ಆದ್ಯತೆ ಎಂದು ನಿರ್ಧರಿಸುವ ಸಭೆ ಅಂದು. ಬುದ್ಧಿಮಾಂದ್ಯರಾಗಿ ತಮ್ಮಷ್ಟಕ್ಕೆ ತಾವು ಬದುಕಲಾರದ ವಯಸ್ಕರಿಗಾಗಿ ಒಂದು ಹಗಲು ಆರೈಕೆ ಕೇಂದ್ರ ಬೇಕೆಂಬ ಪ್ರಸ್ತಾಪ ಬಹುಕಾಲದಿಂದ ಪಟ್ಟಿಯ ಕೊನೆಯ ಸಾಲಿನಲ್ಲಿ ತೂಕಡಿಸುತ್ತಿತ್ತು. ನಿವೃತ್ತ ಎಂಜಿನಿಯರರೊಬ್ಬರು ಅದನ್ನು ಕೈಬಿಟ್ಟು ಉದ್ಯಾನದಲ್ಲಿ ವ್ಯಾಯಾಮಶಾಲೆ ಕಟ್ಟೋಣವೆಂದರು. "ಅಂಥವರು ನಮ್ಮೂರಲ್ಲಿ ಯಾರಿದ್ದಾರೆ ಹೇಳಿ? ಒಬ್ಬರನ್ನಾದ್ರೂ ಬೀದೀಲಿ ಕಂಡಿದ್ದೀರಾ?"

ಹಿಂದೆಲ್ಲ ಈ ಮಾತಿಗೆ ತಲೆದೂಗುತ್ತಿದ್ದ ಟೈಲರಮ್ಮ ಅಂದು, "ಸ್ವಲ್ಪ ಕೂತಿರಿ, ಬಂದೆ" ಎಂದು ಎದ್ದು ಹೋದರು. ಮರಳಿದಾಗ ಅವರ ಕೈ ಹಿಡಿದು ಒಬ್ಬ ಎತ್ತರದ ಗಂಡಸು ಬಾಗಿಲಲ್ಲಿ ನಿಂತಿದ್ದ. ಕಿವಿಯ ಮೇಲೆ ನರೆತ ಕೂದಲು, ನೀಟಾಗಿ ತೆಗೆದ ಬೈತಲೆ, ಕತ್ತಿನವರೆಗೂ ಗುಂಡಿ ಹಾಕಿದ ಹೊಸ ಅಂಗಿ. ಬಿಸಿಲು ಕಾಣದ ಮುಖ ಹಿಟ್ಟಿನಂತೆ ಬೆಳ್ಳಗಿತ್ತು.

"ನನ್ನ ತಮ್ಮ" ಎಂದರು. "ಮೈ ಬೆಳೀತು, ಬುದ್ಧಿ ಬೆಳೀಲಿಲ್ಲ."

ಯಾರೋ ಒಬ್ಬರು ಕುರ್ಚಿಯಿಂದ ಅರ್ಧ ಎದ್ದು ಹಾಗೆಯೇ ನಿಂತರು. ಎಂಜಿನಿಯರರೇ ಕೊನೆಗೆ ಕೇಳಿದರು, "ಅಂದ್ರೆ, ಇಷ್ಟು ವರ್ಷ ಇವರನ್ನ ಬೀಗ ಹಾಕಿ ಇಟ್ಟಿದ್ರಾ?"

"ಹೌದು. ಬೆಂಕಿ ಕಂಡ್ರೆ ಮುಟ್ಟೋಕೆ ಹೋಗ್ತಾನೆ, ಬೀದಿ ದಾಟೋಕೆ ಬರಲ್ಲ. ಇವನನ್ನ ಜನರ ಬಾಯಿಗೆ ಹಾಕ್ಬೇಡ ಅಂತ ಅಮ್ಮ ಸಾಯೋವಾಗ ಮಾತು ತಗೊಂಡ್ಳು. ಈಗ ಡಾಕ್ಟರು ನನ್ನ ಹೃದಯ ಸರಿಯಿಲ್ಲ ಅಂದಿದ್ದಾರೆ. ನಾನು ಬೀದೀಲಿ ಕುಸಿದು ಬಿದ್ರೆ ನೀವೆಲ್ಲ ನನ್ನನ್ನ ಆಸ್ಪತ್ರೆಗೆ ಒಯ್ತೀರಿ. ಒಳಗೊಬ್ಬ ಇದ್ದಾನೆ ಅಂತ ಯಾರಿಗೆ ಗೊತ್ತಿರುತ್ತೆ?"

ಆ ಬೀಗ ಹಾಕಿದ ಬಾಗಿಲಿಗೆ ಬೆನ್ನು ಕೊಟ್ಟು ನಾವೆಲ್ಲ ಎಷ್ಟು ಬಾರಿ ಅಳತೆ ಕೊಟ್ಟಿದ್ದೆವೋ. ತಮ್ಮ ಮಾತ್ರ ಮೆಲ್ಲನೆ ಎಂಜಿನಿಯರರ ಬಳಿಗೆ ಹೋಗಿ, ಅವರ ಅಂಗಿಯಲ್ಲಿ ಗುಂಡಿ ಉದುರಿದ್ದ ಜಾಗದ ಮೇಲೆ ಬೆರಳಿಟ್ಟ. "ಇಲ್ಲ" ಎಂದ, ಬಹಳ ಬೇಸರದಿಂದ. ಆ ಬೆರಳನ್ನು ಸರಿಸಲಾರದೆ ಎಂಜಿನಿಯರರು ಕೂತೇ ಇದ್ದರು. ಬಳಿಕ ಯಾರ ಮುಖವನ್ನೂ ನೋಡದೆ, "ನಮ್ಮನೇಲೂ ಒಬ್ರು ಇದ್ದಾರೆ. ನಮ್ಮ ಸೋದರತ್ತೆ. ಮಹಡಿ ಮೇಲೆ" ಎಂದರು.

ಆ ಕೋಣೆಯಲ್ಲಿ ನನ್ನನ್ನು ಟೈಲರಮ್ಮನ ಮಾತಿಗಿಂತ ಹೆಚ್ಚು ನಡುಗಿಸಿದ್ದು ಈ ಎರಡನೆಯ ಮಾತು. ಇನ್ನೆಷ್ಟು ಮಹಡಿಗಳು, ಇನ್ನೆಷ್ಟು ಬೆಕ್ಕುಗಳು?

ಪ್ರಸ್ತಾಪ ಕೊನೆಯ ಸಾಲಿನಿಂದ ಮೊದಲ ಸಾಲಿಗೆ ಏರಿತು. ಹಳೆಯ ಹೆರಿಗೆ ವಾರ್ಡಿಗೆ ಸುಣ್ಣ ಬಳಿದು ಕೇಂದ್ರ ತೆರೆದರು. ಊರು ಟೈಲರಮ್ಮನನ್ನು ಸುಲಭವಾಗಿ ಬಿಡಲಿಲ್ಲ. ಒಡಹುಟ್ಟಿದವನನ್ನು ಕೂಡಿಹಾಕಿದವಳೆಂದು ಆಡಿಕೊಂಡಿತು, ಮುಂದಿನ ನಗರಸಭೆ ಚುನಾವಣೆಯಲ್ಲಿ ಸೋಲಿಸಿತು. "ಅವರು ಹೇಳೋದರಲ್ಲಿ ಸುಳ್ಳೇನಿದೆ?" ಎಂದಷ್ಟೇ ಹೇಳಿ ಅವರು ಸೂಜಿಗೆ ದಾರ ಪೋಣಿಸಿದರು. ತಮ್ಮನನ್ನು ಕೇಂದ್ರದಲ್ಲಿ ಬಿಟ್ಟ ಮೊದಲ ದಿನ, ಕೈಗೆ ಬಂದ ಬಿಡುವನ್ನು ಏನು ಮಾಡಬೇಕೆಂದು ತಿಳಿಯದೆ, ಕೇಂದ್ರದ ಎದುರಿನ ಕಲ್ಲುಬೆಂಚಿನ ಮೇಲೆ ಸಂಜೆಯವರೆಗೂ ಕೂತಿದ್ದರಂತೆ.

ಇಂಥವರ ತ್ಯಾಗವನ್ನು ಹೊಗಳುವುದು ಸುಲಭ, ತಪ್ಪನ್ನು ತೂಗುವುದು ಇನ್ನೂ ಸುಲಭ. ನನಗೆ ಎರಡೂ ಆಗದು. ಒಂದು ಜೀವವನ್ನು ಉಣಿಸಿ, ತೊಳೆದು, ತಲೆ ಬಾಚಿ ಕಾಪಾಡಿದ ಕೈಗಳೇ ಅದನ್ನು ಲೋಕದಿಂದ ಅಳಿಸಿಯೂ ಹಾಕಿದ್ದವು. ಪ್ರೀತಿ ಮತ್ತು ನಾಚಿಕೆ ಒಂದೇ ತಟ್ಟೆಯಲ್ಲಿ ಉಂಡಿದ್ದವು. ಇಂಥವರು ಪ್ರತಿ ಊರಿನಲ್ಲೂ ಇರುತ್ತಾರೆ, ನಮ್ಮೊಡನೆ ನಗುತ್ತ, ನಮ್ಮ ಆರೋಗ್ಯ ವಿಚಾರಿಸುತ್ತ. ಅವರ ಆರೋಗ್ಯವನ್ನು ನಾವು ಮರಳಿ ವಿಚಾರಿಸಿದಾಗ, "ನನಗೇನು, ಒಬ್ಬಳೇ, ಆರಾಮ" ಎನ್ನುತ್ತ.