ಹಸೆಗೆ ಬಾರದ ಹಾಡು

ಏಕನಾಥರದ್ದು ಒಂದು ವಿಚಿತ್ರ ನಿಷ್ಠೆ. ಎಲ್ಲಿಂದ ಯಾವ ಸೂಚನೆ ಬಂದರೂ ಅದನ್ನು ಸುತ್ತೋಲೆಯೆಂದೇ ತಿಳಿದು ಪಾಲಿಸುತ್ತಿದ್ದರು. ಕೇಂದ್ರ ಸರ್ಕಾರದ ಸೆಕ್ಷನ್ ಆಫೀಸರಾಗಿ ತಲೆಗೂದಲು ಬೆಳ್ಳಗಾದ ಮನುಷ್ಯ. ದೆಹಲಿಯ ಪೀತಮ್‌ಪುರದ ಅವರ ಮನೆಯ ಬಾಗಿಲಿಗೆ ಯಾರೋ ಜಾಹೀರಾತು ಚೀಟಿ ಅಂಟಿಸಿ ಹೋದರೂ ಪೂರ್ತಿ ಓದಿಯೇ ಕೀಳುವವರು. ಹಾಗಾಗಿ ಆ ಭಾನುವಾರ ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಹೊಸ ಆಪರೇಟಿಂಗ್ ಸಿಸ್ಟಂ ಸಿದ್ಧವಿದೆ, ಈಗಲೇ ಹಾಕಿಕೊಳ್ಳಿ ಎಂಬ ಸೂಚನೆ ಬಂದಾಗ ಹಿಂದುಮುಂದು ನೋಡದೆ ಒಪ್ಪಿಗೆ ಕೊಟ್ಟರು. ಅದು ತನ್ನ ಕೆಲಸ ಮುಗಿಸುವಷ್ಟರಲ್ಲಿ ಮಾರ್ಕೆಟ್ಟಿಗೆ ಹೋಗಿ, ಮಗಳ ಮದುವೆಯ ತೆಂಗಿನಕಾಯಿಗೆ ಅಂಗಡಿಯ ಭಯ್ಯಾನ ಹತ್ತಿರ ಹೇಳಿಟ್ಟು ಬಂದರು.

ಬಂದು ನೋಡಿದರೆ ಹಾಡು ತೆರೆಯಲಿಲ್ಲ.

ಆ ಹಾಡಿನ ಕಥೆ ಹೇಳದಿದ್ದರೆ ಅವರ ಸಂಕಟ ಯಾರಿಗೂ ಅರ್ಥವಾಗದು. ಅವರ ಹೆಂಡತಿ ರತ್ನಪ್ರಭಾರ ತವರಿನಲ್ಲಿ ಮದುಮಗಳನ್ನು ಹಸೆಗೆ ಕೂರಿಸುವಾಗ ತಾಯಿಯೇ ಹಾಡಬೇಕು. ತಾಯಿಯಿಂದ ಮಗಳಿಗೆ ಬಾಯಿಂದ ಬಾಯಿಗೆ ಬಂದ ಹಾಡು ಅದು. ರತ್ನಪ್ರಭಾರಿಗೆ ಈಗ ತಾಯಿಯೂ ಇಲ್ಲ, ಅಕ್ಕತಂಗಿಯರೂ ಇಲ್ಲ. ಮಗಳು ಧನ್ಯಾಳಿಗೆ ಕನ್ನಡ ಅರ್ಥವಾಗುತ್ತದೆ, ನಾಲಿಗೆಗೆ ಮಾತ್ರ ಹಿಂದಿಯೇ ಮೊದಲು ಬರುತ್ತದೆ. ಅವಳು ಹಾಡು ಕಲಿಯಲಿಲ್ಲ. ಅದಕ್ಕೇ ಕೆಲವು ವರ್ಷಗಳ ಹಿಂದೆ ಏಕನಾಥರು ಮೈಕು ತಂದು, ಹಾಡು ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ಕೊಂಡು, ಕಿಟಕಿಗೆ ರಜಾಯಿ ಕಟ್ಟಿ, ಮಲಗುವ ಕೋಣೆಯನ್ನೇ ಸ್ಟುಡಿಯೋ ಮಾಡಿದರು. ರತ್ನಪ್ರಭಾ ಒಂದೊಂದೇ ನುಡಿ ಹಾಡಿದರು. ಏಕನಾಥರು ಹೆಡ್‌ಫೋನ್ ಹಾಕಿಕೊಂಡು, ಕಡತದ ತಪ್ಪು ತಿದ್ದುವ ಶ್ರದ್ಧೆಯಿಂದ, ಕುಕ್ಕರಿನ ಸೀಟಿ, ತರಕಾರಿ ಗಾಡಿಯವನ ಕೂಗು, ಸಾಲುಗಳ ನಡುವೆ ಹೆಂಡತಿ ಉಸಿರೆಳೆದುಕೊಳ್ಳುವ ಸದ್ದು, ಎಲ್ಲವನ್ನೂ ಕತ್ತರಿಸಿ ತೆಗೆದರು.

"ಅಲ್ರೀ, ಉಸಿರೂ ತೆಗೀತೀರಾ?" ಎಂದು ರತ್ನಪ್ರಭಾ ನಕ್ಕಿದ್ದರು.

"ಅದು ಗಲಾಟೆ ಕಣೇ. ಹಾಡು ಶುದ್ಧವಾಗಿರ್ಬೇಕು."

ಕೊನೆಯ ನುಡಿಯೊಂದನ್ನು ಮಾತ್ರ ರತ್ನಪ್ರಭಾ ಹಾಡಲಿಲ್ಲ. ಅದು ಮಂಗಳ; ಅದರ ಧಾಟಿಯೇ ಬೇರೆ. ಮಗಳು ಹಸೆಯ ಮೇಲೆ ಕೂರುವ ಮೊದಲೇ ಮಂಗಳ ಹಾಡಿದರೆ ಶುಭವಲ್ಲವೆಂದು ತವರಿನವರ ನಂಬಿಕೆ. "ಅದನ್ನ ಅವತ್ತೇ ಹಾಡ್ತೀನಿ, ಅವಳ ಎದುರಿಗೆ ನಿಂತು" ಎಂದಿದ್ದರು. ಹೀಗೆ ಹಾಡು ಅಪೂರ್ಣವಾಗಿ ಉಳಿಯಿತು. ಅಪೂರ್ಣವಾದದ್ದರ ಪ್ರತಿ ತೆಗೆಯುವುದು ಏಕನಾಥರ ಜಾಯಮಾನಕ್ಕೆ ಒಗ್ಗದು. ಸಹಿ ಬೀಳದ ಕರಡು ಮೇಜು ಬಿಟ್ಟು ಕದಲಬಾರದು ಎಂಬುದು ಕಚೇರಿಯಲ್ಲಿ ಅವರು ಕಲಿತ ಮೊದಲ ಪಾಠ. ಯಾವ ಫೋನಿನಲ್ಲಾದರೂ ಕೇಳಬಹುದಾದ ಸಾಮಾನ್ಯ ಆಡಿಯೋ ಫೈಲಾಗಿ ಅದನ್ನು ಒಮ್ಮೆಯೂ ಹೊರಗೆ ತೆಗೆದಿಡಲಿಲ್ಲ. ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು.

ಹೋದ ವರ್ಷ ರತ್ನಪ್ರಭಾರ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಆಪರೇಷನ್ನಿನಲ್ಲಿ ಗಡ್ಡೆಯ ಜೊತೆಗೆ ದನಿಯೂ ಹೋಯಿತು. ಉಳಿದದ್ದು ಪಿಸುಮಾತು ಮಾತ್ರ. ಆಸ್ಪತ್ರೆಯಿಂದ ಮನೆಗೆ ಬಂದವರು ಮೊದಲು ಕೇಳಿದ್ದು, "ಹಾಡು ಇದೆಯಲ್ಲ?" ಎಂದು.

"ಭದ್ರವಾಗಿದೆ. ಕೇಳಿಸ್ಲಾ?"

"ಬೇಡ. ಈಗ ಕೇಳಿದ್ರೆ ತಡ್ಕೊಳ್ಳೋಕಾಗಲ್ಲ. ಮದುವೆ ದಿನವೇ ಕೇಳ್ತೀನಿ."

ಈಗ ಮದುವೆಗೆ ವಾರವಷ್ಟೇ ಉಳಿದಿತ್ತು. ಏಕನಾಥರು ಗುರುಗ್ರಾಮದಲ್ಲಿ ಐಟಿ ಕೆಲಸದಲ್ಲಿದ್ದ ತಮ್ಮನ ಮಗ ಚಿರಂತ್‌ನನ್ನು ಕರೆಸಿದರು. ಅವನು ಬಂದು, ಕುರ್ಚಿ ಎಳೆದುಕೊಂಡು, ಬಹಳ ಹೊತ್ತು ನೋಡಿದ.

"ದೊಡ್ಡಪ್ಪ, ಈ ಸಾಫ್ಟ್‌ವೇರ್ ತುಂಬಾ ಹಳೇದು. ಹೊಸ ಸಿಸ್ಟಂನಲ್ಲಿ ಓಡಲ್ಲ."

"ಹಾಗಾದ್ರೆ ಹಳೇ ಸಿಸ್ಟಂ ವಾಪಸ್ ಹಾಕು."

ಹಾಕಿದ. ಸಾಫ್ಟ್‌ವೇರ್ ಎದ್ದಿತು. ಎದ್ದದ್ದೇ, ಪರವಾನಗಿಯನ್ನು ಕಂಪನಿಯಿಂದ ಮತ್ತೆ ದೃಢಪಡಿಸಿಕೊಂಡು ಬನ್ನಿ ಎಂದಿತು. ದೃಢಪಡಿಸಲು ಕಂಪನಿಯೇ ಇರಲಿಲ್ಲ, ಯಾವಾಗಲೋ ಬಾಗಿಲು ಹಾಕಿತ್ತು. ಹಾಡು ಫೈಲಿನೊಳಗೇ ಇತ್ತು. ಆದರೆ ಅದು ಆ ಕಂಪನಿ ತನ್ನದೇ ರೀತಿಯಲ್ಲಿ ಕಟ್ಟಿಟ್ಟ ಗಂಟು, ಬೇರೆ ಯಾವ ಸಾಫ್ಟ್‌ವೇರಿಗೂ ಬಿಚ್ಚಲು ಬಾರದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಪೂಜಾರಿ ಇದ್ದಿದ್ದರೆ ಅವನ ಕಾಲಾದರೂ ಹಿಡಿಯಬಹುದಿತ್ತು. ಇಲ್ಲಿ ಅವನು ಗುಡಿಗೆ ಬೀಗ ಜಡಿದು ಊರೇ ಬಿಟ್ಟಿದ್ದ.

"ಎಕ್ಸ್‌ಪೋರ್ಟ್ ಮಾಡಿ ಇಟ್ಟಿದ್ದೀರಲ್ಲ, ದೊಡ್ಡಪ್ಪ?"

"ಹಾಡು ಮುಗಿದಿರ್ಲಿಲ್ಲವಲ್ಲೋ."

ಚಿರಂತ್ ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ ಎದ್ದ. ಅವನು ಬೈದಿದ್ದರೆ ಚೆನ್ನಾಗಿತ್ತು ಎಂದು ಏಕನಾಥರಿಗೆ ಅನಿಸಿತು.

ಅಡುಗೆಮನೆಗೆ ಹೋಗಿ ನಿಂತರು. ರತ್ನಪ್ರಭಾ ಗಂಡನ ಮುಖ ನೋಡಿಯೇ ತಿಳಿದುಕೊಂಡರು. "ಹೋಗ್ಲಿ ಬಿಡಿ, ಇನ್ನೊಂದ್ಸಲ ಹಾಡಿದ್ರಾಯ್ತು" ಎಂದು ಹಳೆಯ ಅಭ್ಯಾಸದಂತೆ ಪಿಸುಗುಟ್ಟಿದರು. ಅಂದ ಮೇಲೆ, ತಾವು ಅಂದದ್ದೇನೆಂದು ಹೊಳೆದು, ಒಲೆಯ ಕಡೆ ತಿರುಗಿದರು. ಏಕನಾಥರಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು.

ಮದುವೆಯ ದಿನ ಧನ್ಯಾ ಹಸೆಯ ಮೇಲೆ ಕುಳಿತಳು. "ಹಾಡು ಹೇಳೋರು ಯಾರಮ್ಮಾ?" ಎಂದು ಪುರೋಹಿತರು ಕೇಳಿದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರತ್ನಪ್ರಭಾ ಎದ್ದು ಹೋಗಿ, ಮಗಳ ಪಕ್ಕದಲ್ಲಿ ಮಂಡಿಯೂರಿ, ಅವಳ ಕಿವಿಗೆ ಬಾಯಿ ಹಚ್ಚಿದರು. ತುಟಿಗಳು ಅಲುಗಿದವು. ಮಂಟಪದಲ್ಲಿದ್ದವರೆಲ್ಲ ಮಾತು ನಿಲ್ಲಿಸಿದರು, ಆದರೂ ಯಾರಿಗೂ ಏನೂ ಕೇಳಿಸಲಿಲ್ಲ. ಏಕನಾಥರ ಮುಷ್ಟಿಯಲ್ಲಿ ಅಕ್ಷತೆ ಬೆವರಿಗೆ ಒದ್ದೆಯಾಗಿತ್ತು.

ಊಟದ ಹೊತ್ತಿಗೆ ಧನ್ಯಾ ತಂದೆಯ ಹತ್ತಿರ ಬಂದಳು. ಅತ್ತು ಕಾಡಿಗೆ ಕದಡಿತ್ತು.

"ಪಪ್ಪಾ, ಅಮ್ಮ ಪೂರಾ ಹಾಡಿದ್ರು. ಕೊನೇದೂ. ವರ್ಡ್ಸ್ ಎಲ್ಲಾ ಸಿಕ್ತು, ಲೇಕಿನ್ ಧಾಟಿ ಗೊತ್ತಾಗ್ಲಿಲ್ಲ. ಸಿರ್ಫ್ ಸಾಂಸ್ ಥೀ, ಪಪ್ಪಾ. ಬರೀ ಉಸಿರು. ನೀವು ಇಷ್ಟು ಸಲ ಕೇಳಿದ್ದೀರಲ್ಲ, ನಂಗೆ ಹೇಳ್ಕೊಡ್ತೀರಾ?"

ಏಕನಾಥರು ಬಾಯಿ ತೆರೆದರು. ಪರದೆಯ ಮೇಲೆ ಆ ಹಾಡಿನ ಗೆರೆ ಎಲ್ಲಿ ಏರುತ್ತಿತ್ತು, ಎಲ್ಲಿ ಇಳಿಯುತ್ತಿತ್ತು, ತಾವು ಎಲ್ಲೆಲ್ಲಿ ಕತ್ತರಿಸಿದ್ದೆವು ಎಂಬುದೆಲ್ಲ ಕಣ್ಣಿಗೆ ಕಟ್ಟಿತ್ತು. ಗಂಟಲಿಗೆ ಒಂದು ಸ್ವರವೂ ಬರಲಿಲ್ಲ. ಕೊನೆಯ ನುಡಿಯ ಧಾಟಿಯನ್ನಂತೂ ಅವರು ಕೇಳಿಯೇ ಇರಲಿಲ್ಲ.

"ಬರಲ್ಲಮ್ಮ" ಎಂದರು.

ಮಗಳನ್ನು ಕಳಿಸಿಕೊಟ್ಟು ಮನೆಗೆ ಹಿಂತಿರುಗುವಾಗ ರತ್ನಪ್ರಭಾ ಕಾರಿನಲ್ಲಿ ಗಂಡನ ಹೆಗಲಿಗೆ ಒರಗಿ ನಿದ್ದೆಹೋದರು. ಡ್ರೈವರ್ ಯಾವುದೋ ಹಾಡು ಹಾಕಿದ್ದ.

"ಭಯ್ಯಾ, ಬಂದ್ ಕರ್ ದೀಜಿಯೇ" ಎಂದರು ಏಕನಾಥರು. ಹಾಡು ನಿಂತಿತು. ಅವರು ಹೆಂಡತಿಯ ಉಸಿರನ್ನು ಕೇಳುತ್ತಾ ಕುಳಿತರು.