ಗುಡಾಣದಲ್ಲಿ ಕೂತಿದ್ದವನು

"ಮುಚ್ಚಿದೆ ಅಂದ್ರೆ ಮುಚ್ಚಿದೆ ಸ್ವಾಮೀ!" ಎನ್ನುತ್ತ ಟಿಕೆಟ್ಟಕ್ಕ ಗೇಟಿಗೆ ಅಡ್ಡಲಾಗಿ ಎರಡೂ ಕೈ ಚಾಚಿದಳು. ಅಷ್ಟರಲ್ಲಿ ಬಸ್ಸಿನಿಂದಿಳಿದವರಲ್ಲಿ ನಾಲ್ಕು ಜನ ಅವಳ ಕಂಕುಳ ಕೆಳಗಿನಿಂದಲೇ ನುಸುಳಿ ಒಳಗೆ ಬಂದಾಗಿತ್ತು.

"ಆರು ಗಂಟೆ ಬಸ್ಸಲ್ಲಿ ಕೂತು ಬಂದಿದೀವಿ. ಸಾಹಿತಿಗಳು ಹುಟ್ಟಿದ ಮನೆಗೂ ರಜಾನಾ?"

"ರಜಾ ಅಲ್ಲ, ಸಾವು."

"ಅವರು ಹೋಗಿ ಐವತ್ತು ವರ್ಷ ಆಯ್ತಲ್ಲಮ್ಮ!"

"ಅವರಲ್ಲ. ಗೈಡು."

ಪ್ರವಾಸಿಗರಿಗೆ ಏನು ಮಾಡಬೇಕೋ ತೋಚಲಿಲ್ಲ. ಸಾಲು ಕಂಡರೆ ಸೇರಿಕೊಳ್ಳುವುದು ಪ್ರವಾಸಿಗರ ಹುಟ್ಟುಗುಣ. ಅಂಗಳದಲ್ಲಿ ಒಂದು ಸಾಲಿತ್ತು, ಸೇರಿಕೊಂಡರು. ಒಬ್ಬಾತ ಅಭ್ಯಾಸಬಲದಿಂದ ಫೋನೆತ್ತಿದವನು ಹೆಂಡತಿ ತಿವಿದ ಮೇಲೆ ಜೇಬಿಗಿಟ್ಟು ಮುಖ ಸಪ್ಪಗೆ ಮಾಡಿಕೊಂಡ.

ಅಂಗಳದ ಈಚೆಗೆ ಸಾಹಿತಿಗಳ ಮನೆ. ಆಚೆಗೆ, ಹಿಂದೆ ಸೌದೆ ಒಟ್ಟುತ್ತಿದ್ದ ಎರಡು ಕೋಣೆಗಳಲ್ಲಿ ಗೈಡಿನ ಮನೆ. ನಡುವೆ ಹಾಕಿದ್ದ ಬೆಂಚಿನ ಮೇಲೆ, ಎಂದೂ ಎರಡು ನಿಮಿಷ ಬಾಯಿ ಮುಚ್ಚಿದವರಲ್ಲದ ಗೈಡು ಬೆಳಗಿನಿಂದ ಸುಮ್ಮನೆ ಮಲಗಿದ್ದರು. ಊರಿನಲ್ಲಿ ಅವರ ಹೆಸರು ಜೋಪಾನ. ಸಾಹಿತಿಗಳ ಮನೆಯ ಬಾಗಿಲು ಗಿಡ್ಡ. "ತಲೆ ಜೋಪಾನ, ದೊಡ್ಡವರ ಮನೆ, ಚಿಕ್ಕ ಬಾಗಿಲು" ಎಂದು ದಿನಕ್ಕೆ ಹತ್ತು ಸಲದಂತೆ ನಲವತ್ತೊಂದು ವರ್ಷ ಹೇಳಿದ್ದರು. ಅಂಚೆಯವನು ಕಾಗದಗಳನ್ನೂ ಆ ಹೆಸರಿಗೇ ಕೂಗಿ ಕೊಡುತ್ತಿದ್ದ.

ಸ್ಮಾರಕದ ಕಾರ್ಯದರ್ಶಿ ಗೈಡಿನ ಮಗಳ ಹತ್ತಿರ ಬಂದು ದನಿ ತಗ್ಗಿಸಿದರು. "ನೋಡಮ್ಮ, ಗಾಡಿ ಬರೋಕೆ ಇನ್ನೂ ಒಂದು ಗಂಟೆ ಇದೆ. ಎತ್ತೋಕೆ ಮುಂಚೆ ಎರಡು ಮಾತಾಡೋಣ. ಅವರ ಸೇವೆ ನಾನು ಹೇಳ್ತೀನಿ. ನೀನು ಬಾಲ್ಯ ಹೇಳು."

"ಯಾರ ಬಾಲ್ಯ?"

"ನಿಮ್ಮಪ್ಪನದಮ್ಮ!"

"ಸಾಹಿತಿಗಳದಾದ್ರೆ ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ ಸರ್. ಅಪ್ಪಂದು ಗೊತ್ತಿಲ್ಲ."

ದುಃಖದಲ್ಲಿ ಮನುಷ್ಯರು ಏನೇನೋ ಆಡುತ್ತಾರೆ ಎಂಬಂತೆ ಕಾರ್ಯದರ್ಶಿ ತಲೆಯಾಡಿಸಿ, "ಯೋಚ್ನೆ ಮಾಡು, ಒಂದಾದ್ರೂ ನೆನಪಾಗುತ್ತೆ" ಎಂದು ಕುರ್ಚಿ ಎಣಿಸಲು ಹೋದರು.

ದುಃಖದ ಮಾತಲ್ಲ, ನಿಜವೇ ಅದು. ಮಗಳು ಬೇರೆ ಊರಿನ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವಳು. ಅಪ್ಪನ ಎರಡು ಕಣ್ಣುಗಳ ನಡುವಿನ ಅಂತರ ಅರವತ್ತನಾಲ್ಕು ಮಿಲಿಮೀಟರು ಎಂದು ಅವಳಿಗೆ ಗೊತ್ತಿತ್ತು. ಆ ಕಣ್ಣು ಚಿಕ್ಕಂದಿನಲ್ಲಿ ಯಾವುದಕ್ಕೆ ಅತ್ತಿತ್ತು ಎಂಬುದು ಗೊತ್ತಿರಲಿಲ್ಲ. ಅವಳ ಮದುವೆಯಲ್ಲಿ ಬೀಗರು "ನಿಮ್ಮ ಕಡೆ ವಿಷಯ ಹೇಳಿ" ಎಂದರೆ ಅಪ್ಪ ಮುಕ್ಕಾಲು ಗಂಟೆ ಸಾಹಿತಿಗಳ ವಿಷಯ ಹೇಳಿದ್ದರು. "ನಿಮ್ಮದು ಅಂತ ಒಂದಾದ್ರೂ ಇದೆಯಾ ಅಪ್ಪಾ?" ಎಂದು ಅವಳು ಎಲ್ಲರೆದುರಿಗೆ ಕೇಳಿಬಿಟ್ಟಳು. ಅಪ್ಪ ಕನ್ನಡಕ ತೆಗೆದು ಒರೆಸಿದರು. ಒರೆಸುವಂಥದ್ದು ಅದರ ಮೇಲೆ ಏನೂ ಇರಲಿಲ್ಲ. ಅಂದಿನಿಂದ ಫೋನಿನಲ್ಲಿ ಇಬ್ಬರೂ ಬಿಸಿಲು, ಮಳೆ, ಬಿ.ಪಿ. ಇಷ್ಟನ್ನೇ ಮಾತಾಡಿದರು.

ಈಗ ಅವಳಿಗೆ ಬೇಕಾಗಿದ್ದುದು ಹೆಚ್ಚೇನಲ್ಲ. ಗಾಡಿ ಬರುವುದರೊಳಗೆ, ಇದು ನಮ್ಮಪ್ಪನದು ಎಂದು ಹೇಳಬಹುದಾದ ಒಂದೇ ಒಂದು ಸಂಗತಿ.

*

ಆಗ ಮಗಳಿಗೆ ಒಂಬತ್ತು ವರ್ಷ. ಜ್ವರ ಬಂದು ಶಾಲೆಗೆ ಹೋಗಿರಲಿಲ್ಲ. ಎರಡು ಪ್ರವಾಸಿ ತಂಡಗಳ ನಡುವಿನ ಬಿಡುವಿನಲ್ಲಿ ಅಪ್ಪ ಬಂದು ಹಾಸಿಗೆಯ ಪಕ್ಕ ಕೂತರು. ಅಂದು ಯಾಕೋ ಅವರ ಗೈಡಿನ ದನಿ ಅಂಗಳದಲ್ಲೇ ಉಳಿದುಬಿಟ್ಟಿತ್ತು.

"ಕತೆ ಹೇಳ್ಲಾ ಪುಟ್ಟೀ? ಸಾಹಿತಿಗಳದಲ್ಲ. ನಾನು ಚಿಕ್ಕವನಿದ್ದಾಗ ನಮ್ಮನೇಲಿ ಒಂದು ದೊಡ್ಡ ಗುಡಾಣ ಇತ್ತು, ಮಣ್ಣಿಂದು, ನನ್ನಷ್ಟೇ ಎತ್ತರ. ಒಂದಿನ ನಾನು ಅದರೊಳಗೆ ಇಳಿದು..."

"ಅಪ್ಪಾ!" ಮಗಳು ಜ್ವರ ಮರೆತು ಎದ್ದು ಕೂತಳು. "ಇದು ನಮ್ಮ ಏಳನೇ ಪಾಠ!"

"ಅಲ್ಲ ಪುಟ್ಟೀ, ಇದು..."

"ಏನ್ ಅಲ್ಲ? ಪ್ರಶ್ನೆನೂ ಇದೆ. ‘ಬಾಲಕ ಸಾಹಿತಿಯು ಗುಡಾಣದಲ್ಲಿ ಏಕೆ ಅಡಗಿದನು?’ ಎರಡು ಮಾರ್ಕು. ‘ಊರಿಗೆ ಸೂಜಿ ಹಾಕುವವರು ಬಂದಿದ್ದರಿಂದ ಹೆದರಿ ಅಡಗಿದನು.’ ಕಾಪಿ ಹೊಡೀತೀರಾ? ಅದೂ ನನ್ನ ಪುಸ್ತಕದಿಂದ್ಲೇ!"

ನಕ್ಕು ನಕ್ಕು ಅವಳಿಗೆ ಕೆಮ್ಮು ಬಂತು. ಅಪ್ಪ ಬೆನ್ನು ಸವರಿದರು. ಪುಸ್ತಕ ತೆಗೆದುಕೊಂಡು ಏಳನೇ ಪಾಠವನ್ನು ನಿಧಾನವಾಗಿ, ಬೆರಳಿಟ್ಟು ಓದಿದರು. ಆಮೇಲೆ "ಸಿಕ್ಕಿಬಿದ್ದೆ ಬಿಡು" ಎಂದರು.

ಮರುದಿನ ಅವಳು ತರಗತಿಯಲ್ಲಿ ಎದ್ದುನಿಂತು ಅಪ್ಪನ ದನಿಯಲ್ಲೇ "ನಾನು ಚಿಕ್ಕವನಿದ್ದಾಗ" ಎಂದು ಆಡಿ ತೋರಿಸಿದಳು. ಟೀಚರೂ ನಕ್ಕರು, ನಕ್ಕದ್ದನ್ನು ಇನ್ನೊಬ್ಬ ಟೀಚರಿಗೆ ಹೇಳಿದರು. ಸಂಜೆಯ ಹೊತ್ತಿಗೆ ಸುದ್ದಿ ಟಿಕೆಟ್ ಕಿಟಕಿಗೆ ಬಂದಿತ್ತು. "ಏನ್ ಜೋಪಾನ, ಗುಡಾಣದಿಂದ ಯಾವಾಗ ಆಚೆ ಬಂದ್ರಿ?" ಎಂದು ಜನ ಒಂದು ತಿಂಗಳು ಕೇಳಿದರು. ಅಪ್ಪನೂ ಎಲ್ಲರ ಜೊತೆ ನಗುತ್ತಿದ್ದರು. "ನಾನು ಚಿಕ್ಕವನಿದ್ದಾಗ" ಎಂದು ಶುರುವಾಗುವ ಮಾತು ಆ ಮನೆಯಲ್ಲಿ ಮತ್ತೆ ಕೇಳಲಿಲ್ಲ.

*

ಅಪ್ಪನ ಅಕ್ಕ, ಎಪ್ಪತ್ತೆಂಟರ ಅತ್ತೆ, ಹನ್ನೊಂದರ ಬಸ್ಸಿಗೆ ಬಂದಳು. ಓದುಬರಹ ಅರಿಯದವಳು, ದೂರದೂರಿನವಳು. ಮಗಳು ಅವಳನ್ನು ನೋಡಿದ್ದೇ ನಾಲ್ಕು ಸಲ. ತಮ್ಮನ ಹಣೆ ಮುಟ್ಟಿ, "ನನಗಿಂತ ಮುಂಚೆ ಹೊರಟ್ಯಾ? ಯಾವಾಗ್ಲೂ ಸಾಲು ಮುರಿಯೋದೇ ನಿನ್ನ ಕೆಲಸ" ಎಂದು ಗದರಿದಳು. ಬಿಸಿಲಿಗೆ ಅವಳ ತಲೆ ತಿರುಗುವಂತೆ ಕಂಡಿದ್ದರಿಂದ ಟಿಕೆಟ್ಟಕ್ಕ ಬೀಗ ತೆಗೆದು ಸಾಹಿತಿಗಳ ಮನೆಯೊಳಗೆ ಫ್ಯಾನಿನ ಕೆಳಗೆ ಕೂರಿಸಿದಳು.

ಸ್ಮಾರಕದ ಎರಡನೇ ಗೈಡೂ ಅವರ ಹಿಂದೆಯೇ ಒಳಗೆ ಬಂದ. ಜೋಪಾನರ ಕೈಕೆಳಗೆ ಹದಿನೈದು ವರ್ಷ ಪಳಗಿದವನು, ಯಾರ ದನಿ ಬೇಕಾದರೂ ತೆಗೆಯುವವನು. "ಅಮ್ಮಾ, ನೀವು ನಿಮ್ಮ ತಮ್ಮನ ಕೆಲಸ ಒಂದಿನಾನೂ ನೋಡ್ಲಿಲ್ವಂತೆ. ಹೇಗೆ ಹೇಳ್ತಿದ್ರು ಅಂತ ತೋರಿಸ್ಲಾ?"

"ಬೇಡ ಕಣೋ, ಹೆಣ ಆಚೆ ಇದೆ" ಎಂದಳು ಟಿಕೆಟ್ಟಕ್ಕ.

"ತೋರಿಸಪ್ಪ" ಎಂದಳು ಅತ್ತೆ.

ಅವನು ಎಡಗೈ ಬೆನ್ನ ಹಿಂದಿಟ್ಟ. ಒಂದು ಭುಜ ಇಳಿಯಿತು, ಕತ್ತು ವಾಲಿತು. ನೀರಿನ ಲೋಟ ಹಿಡಿದು ಬಾಗಿಲಿಗೆ ಬಂದ ಮಗಳಿಗೆ ಒಳಗಿನಿಂದ ಅಪ್ಪನ ದನಿ ಕೇಳಿ ಕಾಲು ಅಲ್ಲೇ ನಿಂತಿತು.

"...ಇದೇ ಆ ಗುಡಾಣ, ಮಹನೀಯರೇ. ಒಳಗೆ ಐದು ವರ್ಷದ ಬಾಲಕ. ಹೊರಗೆ ಇಡೀ ಮನೆ ಹುಡುಕುತ್ತಿದೆ. ಬಾವಿಗೆ ಇಣುಕುತ್ತಾರೆ, ಹೊಲಕ್ಕೆ ಓಡುತ್ತಾರೆ. ಕೊನೆಗೆ ಏನಾಯಿತು? ಗುಡಾಣ ಸೀನಿತು! ಇಳಿದವನಿಗೆ ಹತ್ತಲು ಬರಲಿಲ್ಲ. ಒಡೆದು ತೆಗೆಯಬೇಕಾಯಿತು. ತಾಯಿ ಮಗನನ್ನು ಅಪ್ಪಿಕೊಳ್ಳಲಿಲ್ಲ, ಮಹನೀಯರೇ, ಚೂರುಗಳನ್ನು ಅಪ್ಪಿಕೊಂಡು ಅತ್ತಳು. ಆ ಕತ್ತಲೆಯಲ್ಲೇ ಅವರ ಕಲ್ಪನೆ ಕಣ್ಣು ಬಿಟ್ಟಿತು ಎನ್ನುತ್ತಾರೆ ವಿದ್ವಾಂಸರು."

ಅತ್ತೆ ಗುಡಾಣವನ್ನು ಸುತ್ತ ನೋಡಿದಳು. "ಇದರೊಳಗೆ ಕೂತಿದ್ದು ಯಾರು ಅಂದೆ?"

"ಸಾಹಿತಿಗಳಮ್ಮ."

"ಒಡೆದು ತೆಗೆದ್ರಾ?"

"ಹೌದಮ್ಮ."

"ಮತ್ತೆ ಇದು ಇಡಿಯಾಗಿ ನಿಂತಿದೆ?"

ಎರಡನೇ ಗೈಡು ಬಗ್ಗಿ ಗುಡಾಣದ ಕಂಠದಿಂದ ತಳದವರೆಗೆ ಬಿರುಕು ಹುಡುಕಿದ. ನಲವತ್ತು ವರ್ಷದಲ್ಲಿ ಲಕ್ಷ ಜನ ನೋಡಿದ್ದರು. ಇಬ್ಬರು ಅದರ ಮೇಲೆ ಡಾಕ್ಟರೇಟು ಮಾಡಿದ್ದರು. ಗುಡಾಣ ತಂದವರೂ ಸಂತೆಯಿಂದ ಗಟ್ಟಿಮುಟ್ಟಾದದ್ದನ್ನೇ ಆರಿಸಿ, ತಟ್ಟಿ ನೋಡಿ ತಂದಿದ್ದರು.

"ಅದನ್ನ ಒಡೆದದ್ದು ನಾನು" ಎಂದಳು ಅತ್ತೆ. "ಕಲ್ಲಿಂದ. ಅವನ ಮೊಣಕಾಲಿಗೂ ತಾಗಿ ರಕ್ತ ಬಂತು. ಅಮ್ಮ ಚೂರು ಹಿಡ್ಕೊಂಡು ಅತ್ತದ್ದು ನಿಜ. ನಮ್ಮ ಅಮ್ಮ. ಇದನ್ನೆಲ್ಲ ಇವರಿಗೆ ಯಾರು ಹೇಳಿದ್ದು?" ಆಮೇಲೆ ಅವಳಿಗೇ ಹೊಳೆದು, "ಓಹೋ" ಎಂದಳು. "ಅದಕ್ಕೇ ನನ್ನನ್ನ ಇಲ್ಲಿಗೆ ಒಂದ್ಸಲಾನೂ ಕರೀಲಿಲ್ಲ, ಕಳ್ಳ!"

ಮಗಳು ಲೋಟ ನೆಲದ ಮೇಲಿಟ್ಟು ಅವಳೆದುರು ಕೂತಳು. "ಸೂಜಿಗೆ ಹೆದರಿ ಅಡಗಿದ್ರಾ ಅತ್ತೆ?"

"ಸೂಜಿಯೋರು ಬಂದದ್ದು ಮುಂದಿನ ವರ್ಷ ಕಣೇ. ಅವನೇ ಮೊದಲು ತೋಳು ಚಾಚಿದ್ದು. ಅವತ್ತು ನನ್ನ ಕರ್ಕೊಂಡು ಹೋಗೋಕೆ ಚಿಕ್ಕಮ್ಮ ಬಂದಿದ್ರು. ಅವರಿಗೆ ಮಕ್ಕಳಿರಲಿಲ್ಲ, ನಮ್ಮನೇಲಿ ಹೊಟ್ಟೆಗಿರಲಿಲ್ಲ. ನನಗೆ ಹನ್ನೆರಡು. ಬಟ್ಟೆ ಗಂಟು ಕಟ್ಟಿ ಆಗಿತ್ತು. ತಾನು ಕಾಣೆಯಾದ್ರೆ ಹುಡುಕ್ತಾ ಹುಡುಕ್ತಾ ಬಸ್ಸು ತಪ್ಪಿಹೋಗುತ್ತೆ, ಅಕ್ಕ ಉಳೀತಾಳೆ ಅಂತ ಇವನ ಲೆಕ್ಕ." ಅತ್ತೆ ನಕ್ಕಳು. "ತಪ್ಪಿತು. ಒಂದಿನ ಜಾಸ್ತಿ ಉಳ್ಕೊಂಡೆ. ಮಾರನೇ ದಿನ ಕುಂಟುತ್ತಾ ಬಸ್ಸಿನ ಹಿಂದೆ ಓಡಿದ. ಅದನ್ನೂ ಹೇಳ್ತಿದ್ನಾ ಇಲ್ಲಿ?"

"ಇಲ್ಲಮ್ಮ" ಎಂದ ಎರಡನೇ ಗೈಡು. "ಅದನ್ನ ಯಾವತ್ತೂ ಹೇಳ್ಲಿಲ್ಲ."

*

ಜೋಪಾನ ಕೆಲಸಕ್ಕೆ ಸೇರಿದಾಗ ಸ್ಮಾರಕದವರು ಅವರ ಕೈಗೆ ಕೊಟ್ಟದ್ದು ಒಂದು ಹಾಳೆ. ಸಾಹಿತಿಗಳು ಇಲ್ಲಿ ಹುಟ್ಟಿದರು, ಆರನೇ ವಯಸ್ಸಿಗೆ ಇಲ್ಲಿಂದ ಹೋದರು. ನಡುವಿನ ಆರು ವರ್ಷ ಯಾರಿಗೂ ಗೊತ್ತಿರಲಿಲ್ಲ, ಸಾಹಿತಿಗಳೂ ಬರೆದಿರಲಿಲ್ಲ. ಇಡೀ ಮನೆ ತೋರಿಸಲು ನಾಲ್ಕು ನಿಮಿಷ ಸಾಕಾಗುತ್ತಿತ್ತು. ಜನ ಖಾಲಿ ಗೋಡೆ ನೋಡಿ, ಮುಖ ಮುಖ ನೋಡಿಕೊಂಡು, ಶೌಚಾಲಯ ಎಲ್ಲಿದೆ ಎಂದು ಕೇಳಿ ಹೊರಟುಬಿಡುತ್ತಿದ್ದರು.

ಒಂದು ಮಧ್ಯಾಹ್ನ ವಯಸ್ಸಾದ ಹೆಂಗಸೊಬ್ಬರು ಒಂಟಿಯಾಗಿ ಬಂದರು. ಸಾಹಿತಿಗಳ ಎಲ್ಲ ಪುಸ್ತಕ ಓದಿದವರು. ಎಲ್ಲ ನೋಡಿದ ಮೇಲೂ ಹೋಗದೆ ನಿಂತು, "ಇಷ್ಟೇನಾಪ್ಪ? ಆ ಮಗು ಇಲ್ಲಿ ಏನೂ ಮಾಡ್ಲಿಲ್ವಾ?" ಎಂದರು. ಅವರ ಕಣ್ಣು ತುಂಬಿತ್ತು. ಮೂವತ್ತರ ಗೈಡಿಗೆ ಆ ಕಣ್ಣನ್ನು ಬರಿಗೈಯಲ್ಲಿ ಕಳಿಸಲಾಗಲಿಲ್ಲ. ಜೇಬಿನಲ್ಲಿ ಬೇರೇನೂ ಇಲ್ಲದವನು ತನ್ನ ಬುತ್ತಿಯನ್ನೇ ಬಿಚ್ಚಿದಂತೆ, "ಇಲ್ಲೊಂದು ಗುಡಾಣ ಇತ್ತಮ್ಮ" ಎಂದು ಶುರುಮಾಡಿದರು. ‘ಯಾಕೆ ಅಡಗಿತು ಮಗು’ ಎಂದು ಆಕೆ ಕೇಳಿದಾಗ ಮಾತ್ರ ಒಂದು ಕ್ಷಣ ತಡೆದರು. ಆಮೇಲೆ "ಸೂಜಿ ಹಾಕುವವರು ಬಂದಿದ್ದರು" ಎಂದರು.

ಆಕೆ ಊರಿಗೆ ಹೋಗಿ ಪತ್ರಿಕೆಗೆ ಬರೆದರು. ಪತ್ರಿಕೆ ನೋಡಿ ಒಬ್ಬರು ಜೀವನಚರಿತ್ರೆಗೆ ಹಾಕಿದರು, ಅಲ್ಲಿಂದ ಪಠ್ಯಪುಸ್ತಕಕ್ಕೆ ಹೋಯಿತು. ಸ್ಮಾರಕದವರು ಗುಡಾಣ ತಂದಿಟ್ಟರು. ಬೇರೆ ಕತೆಗಳನ್ನೂ ಜನ ಹೀಗೇ ಕೇಳಿ ಕೇಳಿ ಪಡೆದರು. ಕೊಟ್ಟದ್ದನ್ನು ವಾಪಸು ಕೇಳುವ ಹೊತ್ತಿಗೆ ಅದಕ್ಕೆ ಎರಡು ಮಾರ್ಕಿನ ಪ್ರಶ್ನೆ ಹುಟ್ಟಿಕೊಂಡಿತ್ತು.

*

ಗಾಡಿ ಬಂದು ಗೇಟಿನ ಹೊರಗೆ ನಿಂತಿತು. ಕಾರ್ಯದರ್ಶಿ ಸೇವೆಯ ಬಗ್ಗೆ ಹೇಳಿ ಮುಗಿಸಿ, ಮಗಳಿಗೆ ಕಣ್ಣಲ್ಲೇ ಸನ್ನೆ ಮಾಡಿದರು.

ಮಗಳು ಬೆಂಚಿನ ತಲೆಯ ಕಡೆ ನಿಂತಳು. ಎದುರಿಗೆ ಊರವರು, ಅವರ ಹಿಂದೆ ಬಸ್ಸಿನವರು.

"ನಮ್ಮಪ್ಪ ಐದು ವರ್ಷದವರಿದ್ದಾಗ" ಎಂದಳು, "ಒಂದು ಗುಡಾಣದೊಳಗೆ ಅಡಗಿ ಕೂತಿದ್ರು."

ಸಾಲಿನಲ್ಲಿ ಸಣ್ಣ ಗುಜುಗುಜು ಎದ್ದಿತು. "ಪಾಪ, ಗಾಬರೀಲಿ ಕಲಸಿಕೊಂಡುಬಿಟ್ಲು" ಎಂದು ಒಬ್ಬಾಕೆ ಗಂಡನಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಕಾರ್ಯದರ್ಶಿ ಬಾಗಿ, "ಅದು ಸಾಹಿತಿಗಳದಮ್ಮ. ನಿಮ್ಮಪ್ಪನದು ಹೇಳು" ಎಂದರು ಮೆಲ್ಲಗೆ.

"ಇದೇ ಸರ್ ನಮ್ಮಪ್ಪನದು. ಅವತ್ತು..." ಅಪ್ಪನ ಹಣೆಯ ಮೇಲೆ ಕೂತ ನೊಣ ಓಡಿಸಲು ಅವಳು ಬಾಗಿದಳು.

ಅವಳು ಮರೆತಳೆಂದೇ ಎಲ್ಲರೂ ತಿಳಿದರು. ಏಳನೇ ಪಾಠ ಓದದವರು ಅಲ್ಲಿ ಯಾರಿದ್ದರು? "ಸೂಜಿ ಹಾಕೋರು" ಎಂದು ಮುಂದಿನ ಸಾಲಿನಿಂದ ಒಬ್ಬರು ಕರುಣೆಯಿಂದ ಎತ್ತಿಕೊಟ್ಟರು. "ಸೂಜಿ ಹಾಕೋರು ಬಂದಿದ್ರು" ಎಂದು ಹಿಂದಿನಿಂದ ಇನ್ನಿಬ್ಬರು ದನಿಗೂಡಿಸಿದರು.

"ಅಲ್ಲ. ಸೂಜಿ ಅಲ್ಲ. ಅವರ ಅಕ್ಕನ್ನ ಬೇರೆ ಊರಿಗೆ ಕರ್ಕೊಂಡು ಹೋಗೋಕೆ ಬಂದಿದ್ರು."

"ಆ ಗುಡಾಣ ಇಲ್ಲೇ ಒಳಗಿದೆಯಂತೆ" ಎಂದ ಬಸ್ಸಿನವನೊಬ್ಬ, ಪಿಸುದನಿಯಲ್ಲಿ. ಪಕ್ಕದವನು ಆ ಕಡೆ ಕತ್ತು ತಿರುಗಿಸಿದ, ಅವನ ಪಕ್ಕದವಳೂ ತಿರುಗಿಸಿದಳು. ಅರೆತೆರೆದ ಗಿಡ್ಡ ಬಾಗಿಲಿನ ಕಡೆಗೆ ಒಂದೊಂದಾಗಿ ತಲೆಗಳು ಹೊರಳಿದವು. ಹಿಂದಿನವರು ತುದಿಗಾಲಲ್ಲಿ ನಿಂತರು.

ಮಗಳು ಆ ಹಿಂದಲೆಗಳಿಗೇ ಹೇಳತೊಡಗಿದಳು. ಬಟ್ಟೆಯ ಗಂಟು ಕಟ್ಟಿಟ್ಟದ್ದು, ಬಸ್ಸು ತಪ್ಪಿದ್ದು, ಮಾರನೇ ದಿನ ಕುಂಟುತ್ತ ಓಡಿದ್ದು. ಅತ್ತೆ ಕುರ್ಚಿಯನ್ನು ಬೆಂಚಿನ ಹತ್ತಿರಕ್ಕೆ ಎಳೆದುಕೊಂಡು, ತಮ್ಮನ ಮುಖದಿಂದ ಕಣ್ಣು ತೆಗೆಯದೆ, ಒಂದೊಂದು ಮಾತಿಗೂ "ಹೂಂ" ಎನ್ನುತ್ತಿದ್ದಳು.